ಹಿರಿಯರ ಉಳಿತಾಯಕ್ಕೆ ಕನ್ನ: ಕಳ್ಳರ ಬೆನ್ನು ಹತ್ತಿದವರು ಕಂಡ ಸತ್ಯಗಳು

2014ರ ಜೂನ್ ತಿಂಗಳು. ಅಮೇರಿಕದ ವಾಷಿಂಗ್ಟನ್ ನಗರದ ಮನೆಯೊಂದಕ್ಕೆ ಫೋನ್ ಕರೆ ಬಂತು. ಫೋನ್ ಎತ್ತಿಕೊಂಡವರು ತೊಂಬತ್ತು ವರ್ಷದ ಒಬ್ಬ ವೃದ್ಧ. ಆ ಕಡೆಯಿಂದ ಮಾತನಾಡಿದವನು ತಾನು ದೊಡ್ಡ ಲಾಟರಿ ಕಂಪೆನಿಯೊಂದರ ಮುಖ್ಯಸ್ಥ ಎಂದು ಪರಿಚಯಿಸಿಕೊಂಡ. "ನಿಮಗೆ ಒಂದೂವರೆ ಕೋಟಿ ಡಾಲರಿಗೂ ಹೆಚ್ಚಿನ ಬಹುಮಾನ ಬಂದಿದೆ, ಜೊತೆಗೆ ಒಂದು ಮರ್ಸಿಡಿಸ್ ಕಾರು. ಅದು ನಿಮ್ಮ ಕೈ ಸೇರಬೇಕಾದರೆ ಮೊದಲು 50 ಸಾವಿರ ಡಾಲರ್ ತೆರಿಗೆ ಕಟ್ಟಬೇಕು" ಎಂಬುದು ಅವನ ಮಾತಿನ ಸಾರ. ಹಣ ಬರುವುದಿಲ್ಲ ಎಂದು ತಿಳಿದಾಗ ಅವನ ದನಿ ಬದಲಾಯಿತು. ಮನೆಗೆ ಬೆಂಕಿ ಇಡುತ್ತೇನೆ, ನಿನ್ನ ಹೆಂಡತಿಯ ತಲೆಗೆ ಗುಂಡು ಹಾರಿಸುತ್ತೇನೆ ಎಂದು ಬೆದರಿಸಿದ.

ತಾನು ಯಾರಿಗೆ ಫೋನ್ ಮಾಡಿದ್ದೇನೆಂಬುದು ಆ ವಂಚಕನಿಗೆ ತಿಳಿದಿರಲಿಲ್ಲ. ಆ ವೃದ್ಧರ ಹೆಸರು ವಿಲಿಯಂ ವೆಬ್‌ಸ್ಟರ್. 1978ರಿಂದ 1987ರ ತನಕ ಅಮೇರಿಕದ ತನಿಖಾ ಸಂಸ್ಥೆ ಎಫ್‌ಬಿಐಯ ನಿರ್ದೇಶಕರಾಗಿಯೂ ನಂತರ 1991ರ ತನಕ ಗುಪ್ತಚರ ಸಂಸ್ಥೆ ಸಿಐಎಯ ನಿರ್ದೇಶಕರಾಗಿಯೂ ಇದ್ದವರು. ಈ ಎರಡೂ ಹುದ್ದೆಗಳನ್ನು ವಹಿಸಿಕೊಂಡ ಏಕೈಕ ವ್ಯಕ್ತಿ. ಅವರೂ ಅವರ ಪತ್ನಿಯೂ ಎಫ್‌ಬಿಐಗೆ ದೂರು ಕೊಟ್ಟರು. ಅಧಿಕಾರಿಗಳ ಸೂಚನೆಯಂತೆ ವಂಚಕನೊಂದಿಗೆ ಮಾತು ಮುಂದುವರಿಸಿದರು. ಕರೆಗಳು ಧ್ವನಿಮುದ್ರಣಗೊಂಡವು. ಆತ ಜಮೈಕ ದೇಶದ ಯುವಕ, ಹೆಸರು ಕೆನಿಯಲ್ ಥಾಮಸ್ ಎಂಬುದು ಪತ್ತೆಯಾಯಿತು. 2017ರ ಡಿಸೆಂಬರ್‌ನಲ್ಲಿ ಅವನು ನ್ಯೂಯಾರ್ಕಿಗೆ ಬಂದಿಳಿದಾಗ ಬಂಧಿಸಿದರು. 2019ರ ಫೆಬ್ರವರಿಯಲ್ಲಿ ನ್ಯಾಯಾಲಯ ಅವನಿಗೆ 71 ತಿಂಗಳ ಸಜೆ ವಿಧಿಸಿತು. ಅಷ್ಟರೊಳಗೆ ಅವನು ಹತ್ತಾರು ಮಂದಿಯಿಂದ ಮೂರು ಲಕ್ಷ ಡಾಲರಿಗೂ ಹೆಚ್ಚು ಹಣ ದೋಚಿದ್ದ.

ಈ ಘಟನೆಯಲ್ಲಿ ಎರಡು ಪಾಠಗಳಿವೆ. ಒಂದು, ವಂಚಕರು ವಿದ್ಯಾವಂತರು, ಅವಿದ್ಯಾವಂತರು ಎಂದು ನೋಡುವುದಿಲ್ಲ. ಅವರು ವಯಸ್ಸನ್ನು ನೋಡುತ್ತಾರೆ. ಇನ್ನೊಂದು, ದೇಶದ ಅತಿ ದೊಡ್ಡ ತನಿಖಾ ಸಂಸ್ಥೆಯ ಮಾಜಿ ಮುಖ್ಯಸ್ಥರೇ ದೂರುದಾರರಾಗಿದ್ದರೂ ಮೊದಲ ಕರೆಯಿಂದ ಬಂಧನದ ತನಕ ಮೂರೂವರೆ ವರ್ಷ ಹಿಡಿಯಿತು. ಹಾಗಾದರೆ ಒಬ್ಬ ಸಾಮಾನ್ಯ ಅಜ್ಜಿಯ ದೂರಿನ ಗತಿಯೇನು? ಈ ಪ್ರಶ್ನೆಗೆ ಉತ್ತರ ಹುಡುಕುವುದನ್ನೇ ವೃತ್ತಿಯಾಗಿ ಮಾಡಿಕೊಂಡ ಪೊಲೀಸ್ ಅಧಿಕಾರಿಗಳು ಇಂದು ಹಲವು ದೇಶಗಳಲ್ಲಿದ್ದಾರೆ. ಅವರ ಅನುಭವದಿಂದ ನಮ್ಮ ಮನೆಗಳಿಗೆ ಕಲಿಯಲು ಬಹಳಷ್ಟಿದೆ.

ಬೇರೆಯೇ ಬಗೆಯ ತನಿಖೆ

ಕೊಲೆ, ದರೋಡೆ ನಡೆದರೆ ತೊಂದರೆಗೊಳಗಾದವರು ಪೊಲೀಸರ ಬಳಿ ಓಡಿ ಬರುತ್ತಾರೆ. ಹಿರಿಯರ ವಿರುದ್ಧ ನಡೆಯುವ ಹಣದ ವಂಚನೆಯಲ್ಲಿ ಹಾಗಲ್ಲ. ಇಲ್ಲಿ ಮೋಸ ಹೋದವರೇ ಮೋಸವನ್ನು ಮುಚ್ಚಿಡುತ್ತಾರೆ. "ಇಷ್ಟು ವಯಸ್ಸಾಗಿಯೂ ನಾನು ಹೀಗೆ ಬಿದ್ದೆನಲ್ಲಾ" ಎಂಬ ನಾಚಿಕೆ ಒಂದು ಕಡೆ. "ಮಕ್ಕಳಿಗೆ ತಿಳಿದರೆ ಇನ್ನು ನನ್ನ ಕೈಗೆ ಹಣವನ್ನೇ ಕೊಡಲಾರರು, ಬ್ಯಾಂಕಿಗೆ ಹೋಗಲೂ ಬಿಡಲಾರರು" ಎಂಬ ಭಯ ಇನ್ನೊಂದು ಕಡೆ. ಹಣಕ್ಕಿಂತಲೂ ಸ್ವಾತಂತ್ರ್ಯ ಹೋಗುತ್ತದೆಂಬ ಆತಂಕ ಅವರನ್ನು ಹೆಚ್ಚು ಕಾಡುತ್ತದೆ.

ಕೆಲವರಂತೂ ತಾವು ಮೋಸ ಹೋಗಿದ್ದೇವೆಂದು ಒಪ್ಪುವುದೇ ಇಲ್ಲ. ಅಧಿಕಾರಿ ಮನೆ ಬಾಗಿಲಿಗೆ ಬಂದು ವಿವರಿಸಿದರೂ ಅವರ ನಂಬಿಕೆ ವಂಚಕನ ಮೇಲೆಯೇ. ಯಾಕೆಂದರೆ ತಿಂಗಳುಗಟ್ಟಲೆ ದಿನಾ ಫೋನ್ ಮಾಡಿ "ಊಟ ಆಯಿತೇ? ಮಾತ್ರೆ ತೆಗೆದುಕೊಂಡಿರಾ?" ಎಂದು ಕೇಳಿದವನು ಆ ವಂಚಕನೇ. ಮಕ್ಕಳಿಗೆ ಪುರುಸೊತ್ತಿಲ್ಲದ ಮನೆಯಲ್ಲಿ ಆ ದನಿಯೇ ಆಪ್ತವಾಗಿಬಿಡುತ್ತದೆ. ಹೀಗಾಗಿ ಈ ವಿಭಾಗದಲ್ಲಿ ದುಡಿಯುವ ಅಧಿಕಾರಿ ಮೊದಲು ಕಲಿಯಬೇಕಾದದ್ದು ಕೈಕೋಳ ಹಾಕುವುದನ್ನಲ್ಲ, ತಾಳ್ಮೆಯಿಂದ ಕುಳಿತು ಕೇಳಿಸಿಕೊಳ್ಳುವುದನ್ನು. ಗದರಿದರೆ ದೂರುದಾರರು ಬಾಯಿ ಮುಚ್ಚುತ್ತಾರೆ. ದಿನ, ಸಮಯ, ಮೊತ್ತ ನೆನಪಾಗದಿದ್ದರೆ ಬ್ಯಾಂಕಿನ ಪಾಸ್‌ಬುಕ್ಕು, ಫೋನಿನ ಕರೆಗಳ ಪಟ್ಟಿ ಮುಂದಿಟ್ಟುಕೊಂಡು ಒಂದೊಂದಾಗಿ ಜೋಡಿಸಬೇಕು. ಎಷ್ಟೋ ಪ್ರಕರಣಗಳು ನ್ಯಾಯಾಲಯದಲ್ಲಿ ವಿಚಾರಣೆಗೆ ಬರುವಾಗ ಸಾಕ್ಷಿ ಹೇಳಬೇಕಾದ ಹಿರಿಯರು ಬದುಕಿರುವುದೂ ಇಲ್ಲ.

ಅಮೇರಿಕದಲ್ಲಿ ಇದಕ್ಕೆಂದೇ 2017ರಲ್ಲಿ ಒಂದು ಕಾನೂನು ಬಂತು. ಅದರಂತೆ ಪ್ರತಿಯೊಂದು ಫೆಡರಲ್ ಜಿಲ್ಲೆಯಲ್ಲೂ ಹಿರಿಯರ ಮೇಲಿನ ಅಪರಾಧಗಳನ್ನು ನೋಡಿಕೊಳ್ಳಲು ಒಬ್ಬ ಸರಕಾರಿ ವಕೀಲರನ್ನು ನೇಮಿಸಬೇಕು, ಎಫ್‌ಬಿಐ ಅಧಿಕಾರಿಗಳಿಗೆ ವಿಶೇಷ ತರಬೇತಿ ನೀಡಬೇಕು. ಆದರೂ ವಂಚನೆ ಕಡಿಮೆಯಾಗಿಲ್ಲ. 2024ರಲ್ಲಿ 60 ವರ್ಷ ದಾಟಿದವರಿಂದ ಎಫ್‌ಬಿಐಯ ಇಂಟರ್ನೆಟ್ ಅಪರಾಧ ಕೇಂದ್ರಕ್ಕೆ ಬಂದ ದೂರುಗಳು 1,47,127. ಅವರು ಕಳೆದುಕೊಂಡ ಹಣ ಸುಮಾರು 490 ಕೋಟಿ ಡಾಲರ್. ದೂರು ಕೊಟ್ಟ ಒಬ್ಬೊಬ್ಬರ ಸರಾಸರಿ ನಷ್ಟ ಸುಮಾರು 33 ಸಾವಿರ ಡಾಲರ್. ಇದು ದೂರು ಕೊಟ್ಟವರ ಲೆಕ್ಕ ಮಾತ್ರ.

ಅಂಚೆಯಿಂದ ವೀಡಿಯೋ ಕರೆಯ ತನಕ

ಈ ವಂಚನೆ ಇಂಟರ್ನೆಟ್ಟಿನೊಂದಿಗೆ ಹುಟ್ಟಿದ್ದಲ್ಲ. ಹಿಂದೆ ಇದು ಅಂಚೆಯ ಮೂಲಕ ನಡೆಯುತ್ತಿತ್ತು. ಅಮೇರಿಕದ ಅಂಚೆ ಇಲಾಖೆಗೆ ತನ್ನದೇ ಆದ ಪೊಲೀಸ್ ವಿಭಾಗವಿದೆ. ಅವರು ಬಯಲಿಗೆಳೆದ ಒಂದು ಪ್ರಕರಣದಲ್ಲಿ ಕೆನಡಾದ ವ್ಯಕ್ತಿಯೊಬ್ಬ ಭವಿಷ್ಯ ಹೇಳುವ ಮಹಿಳೆಯೊಬ್ಬಳ ಹೆಸರಿನಲ್ಲಿ ಇಪ್ಪತ್ತು ವರ್ಷ ಕಾಲ ಲಕ್ಷಾಂತರ ಪತ್ರಗಳನ್ನು ಕಳುಹಿಸಿದ್ದ. ಪ್ರತಿಯೊಂದು ಪತ್ರವೂ ಓದುವವರಿಗಾಗಿಯೇ ಬರೆದಂತಿತ್ತು. ನಿಮ್ಮ ಕಷ್ಟಗಳು ಕಳೆಯುತ್ತವೆ, ಇಷ್ಟು ಹಣ ಕಳುಹಿಸಿ ಎಂಬುದು ಅದರ ಒಕ್ಕಣೆ. 13 ಲಕ್ಷಕ್ಕೂ ಹೆಚ್ಚು ಮಂದಿ 17 ಕೋಟಿ ಡಾಲರಿಗೂ ಮಿಕ್ಕಿ ಹಣ ಕಳುಹಿಸಿದರು. ಅವರಲ್ಲಿ ಬಹಳಷ್ಟು ಮಂದಿ ವೃದ್ಧರು, ಒಂಟಿಯಾಗಿದ್ದವರು. ಆತನಿಗೆ 2024ರಲ್ಲಿ ಹತ್ತು ವರ್ಷಗಳ ಸಜೆಯಾಯಿತು.

ಇಂತಹ ಪ್ರಕರಣಗಳಲ್ಲಿ ತನಿಖಾಧಿಕಾರಿಗಳು ಗಮನಿಸಿದ ಒಂದು ಮುಖ್ಯ ಸಂಗತಿಯಿದೆ. ಒಮ್ಮೆ ಹಣ ಕೊಟ್ಟವರ ಹೆಸರು, ವಿಳಾಸ, ಫೋನ್ ನಂಬರುಗಳ ಪಟ್ಟಿಯನ್ನು ವಂಚಕರು ಪರಸ್ಪರ ಮಾರಿಕೊಳ್ಳುತ್ತಾರೆ. ಆದುದರಿಂದ ಒಮ್ಮೆ ಮೋಸ ಹೋದವರ ಮನೆಗೆ ಮತ್ತೆ ಮತ್ತೆ ಕರೆಗಳು ಬರುತ್ತವೆ. "ನೀವು ಕಳೆದುಕೊಂಡ ಹಣವನ್ನು ಮರಳಿ ಕೊಡಿಸುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ" ಎಂದು ಬರುವ ಕರೆ ಇದರಲ್ಲಿ ಅತ್ಯಂತ ಕ್ರೂರವಾದದ್ದು. ಗಾಯಗೊಂಡವರನ್ನೇ ಹುಡುಕಿ ಮತ್ತೆ ಗಾಯಗೊಳಿಸುವ ತಂತ್ರವಿದು.

ಹಣ ತೆಗೆದುಕೊಳ್ಳುವ ವಿಧಾನವೂ ಬದಲಾಗುತ್ತಾ ಬಂದಿದೆ. ಮೊದಲು ಚೆಕ್ಕು, ಬಳಿಕ ಅಂಗಡಿಯಲ್ಲಿ ಸಿಗುವ ಗಿಫ್ಟ್ ಕಾರ್ಡು, ಈಗ ಮನೆ ಬಾಗಿಲಿಗೇ ಬಂದು ನಗದು ಹಾಗೂ ಚಿನ್ನದ ಗಟ್ಟಿ ಕೊಂಡೊಯ್ಯುವ ಆಳುಗಳು. ಈ ವಿಧಾನದ ಕುರಿತು ಎಫ್‌ಬಿಐ 2024ರ ಜನವರಿಯಲ್ಲಿ ಎಚ್ಚರಿಕೆ ನೀಡಿತ್ತು. ಅದೇ ವರ್ಷ ಮಾರ್ಚ್‌ನಲ್ಲಿ ಒಹಾಯೋ ರಾಜ್ಯದಲ್ಲಿ ಹೃದಯ ಕಲಕುವ ಘಟನೆಯೊಂದು ನಡೆಯಿತು. ಸಂಬಂಧಿಯೊಬ್ಬ ಜೈಲಿನಲ್ಲಿದ್ದಾನೆ, ಬಿಡಿಸಲು ಹಣ ಬೇಕು ಎಂದು ವಂಚಕರು ಎಂಬತ್ತು ದಾಟಿದ ವೃದ್ಧರೊಬ್ಬರನ್ನು ಬೆದರಿಸುತ್ತಿದ್ದರು. ಅವರ ಮನೆಯಿಂದ ಒಂದು ಪೊಟ್ಟಣ ತರಬೇಕೆಂದು ಅದೇ ವಂಚಕರು ಬಾಡಿಗೆ ಕಾರು ಓಡಿಸುವ ಮಹಿಳೆಯೊಬ್ಬರನ್ನು ಕಳುಹಿಸಿದರು. ಆಕೆಗೆ ವಂಚನೆಯ ಸುಳಿವೇ ಇರಲಿಲ್ಲ. ಆಕೆಯೂ ತಂಡದವಳೆಂದು ಭಾವಿಸಿದ ವೃದ್ಧರು ಗುಂಡು ಹಾರಿಸಿದರು. ಆಕೆ ತೀರಿಹೋದರು, ಅವರು ಕೊಲೆ ಆರೋಪಿಯಾದರು. ಎಲ್ಲೋ ಕುಳಿತು ಫೋನ್ ಮಾಡಿದ ವಂಚಕನೊಬ್ಬನಿಂದ ಎರಡು ಅಮಾಯಕ ಕುಟುಂಬಗಳು ಬೀದಿಗೆ ಬಿದ್ದವು.

ನಮ್ಮ ದೇಶದಿಂದ ಹೋದ ಕರೆಗಳು

ಇದೆಲ್ಲ ದೂರದೇಶದ ಕಥೆ ಎಂದು ಭಾವಿಸಬೇಕಾಗಿಲ್ಲ. 2016ರ ಅಕ್ಟೋಬರ್‌ನಲ್ಲಿ ಥಾಣೆ ಪೊಲೀಸರು ಮುಂಬೈ ಸಮೀಪದ ಮೀರಾ ರೋಡಿನ ಕಟ್ಟಡವೊಂದಕ್ಕೆ ದಾಳಿ ಮಾಡಿದಾಗ ಅಲ್ಲಿ ನೂರಾರು ಯುವಕ ಯುವತಿಯರು ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದರು. ಅಮೇರಿಕದ ತೆರಿಗೆ ಅಧಿಕಾರಿಗಳೆಂದು ಹೇಳಿಕೊಂಡು ಅಲ್ಲಿನ ಜನರನ್ನು ಬೆದರಿಸುವುದು ಅವರ ಕೆಲಸ. ಸುಮಾರು 70 ಮಂದಿಯನ್ನು ಬಂಧಿಸಲಾಯಿತು. ಇಂತಹದೇ ಇನ್ನೊಂದು ಜಾಲ ಅಹಮದಾಬಾದಿನಲ್ಲಿತ್ತು. ಅದಕ್ಕೆ ಸಂಬಂಧಿಸಿ ಅಮೇರಿಕದ ನ್ಯಾಯಾಲಯ 2018ರಲ್ಲಿ 21 ಮಂದಿಗೆ ಸಜೆ ವಿಧಿಸಿತು. ಕಾಲ್ ಸೆಂಟರ್ ನಡೆಸುತ್ತಿದ್ದ ಹಿತೇಶ್ ಪಟೇಲ್ ಸಿಂಗಾಪುರದಲ್ಲಿ ಸಿಕ್ಕಿಬಿದ್ದು ಅಮೇರಿಕಕ್ಕೆ ಹಸ್ತಾಂತರಗೊಂಡ. 2020ರ ನವೆಂಬರ್‌ನಲ್ಲಿ ಅವನಿಗೆ 20 ವರ್ಷಗಳ ಸಜೆಯಾಯಿತು. ಇವರ ಬಲೆಗೆ ಹೆಚ್ಚಾಗಿ ಬಿದ್ದವರು ವೃದ್ಧರು ಮತ್ತು ವಲಸೆ ಬಂದವರು.

ಯಾರದೋ ಅಜ್ಜಿಯನ್ನು ಹೆದರಿಸಿ ಸಂಬಳ ಪಡೆಯುವುದು ನೌಕರಿಯೇ? ನಮ್ಮ ಮಕ್ಕಳು ಕೆಲಸಕ್ಕೆ ಸೇರುವಾಗ ಸಂಬಳ ಎಷ್ಟು ಎಂದು ಕೇಳುವ ನಾವು ಕೆಲಸ ಏನು ಎಂದೂ ಕೇಳಬೇಕಾಗಿದೆ.

ಇಲ್ಲದ ಕಾನೂನಿನ 'ಬಂಧನ'

ಈಗ ಅದೇ ತಂತ್ರ ನಮ್ಮ ಮನೆಗಳಿಗೇ ತಿರುಗಿದೆ. "ನಿಮ್ಮ ಹೆಸರಿನಲ್ಲಿ ಬಂದ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ", "ನಿಮ್ಮ ಆಧಾರ್ ಬಳಸಿ ಅಕ್ರಮ ಹಣ ಸಾಗಿಸಲಾಗಿದೆ" ಎಂದು ಕರೆ ಶುರುವಾಗುತ್ತದೆ. ನಂತರ ವೀಡಿಯೋ ಕರೆ. ಪರದೆಯಲ್ಲಿ ಸಮವಸ್ತ್ರ ಧರಿಸಿದವನು, ಹಿಂದೆ ಪೊಲೀಸ್ ಠಾಣೆಯಂತೆ ಕಾಣುವ ಗೋಡೆ. ಕೆಲವೊಮ್ಮೆ ನ್ಯಾಯಾಧೀಶರ ವೇಷದವನೂ ಇರುತ್ತಾನೆ. ನಿಮ್ಮನ್ನು 'ಡಿಜಿಟಲ್ ಅರೆಸ್ಟ್' ಮಾಡಲಾಗಿದೆ, ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ, ಹಣವನ್ನು ಪರಿಶೀಲನೆಗಾಗಿ ಈ ಖಾತೆಗೆ ಹಾಕಿ ಎನ್ನುತ್ತಾರೆ. ದಿನಗಟ್ಟಲೆ ಹೀಗೆ ಮನೆಯೊಳಗೇ ಸೆರೆಯಾದ ಹಿರಿಯರಿದ್ದಾರೆ. ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇರುವ ಮಗ ಕೇಸಿನಲ್ಲಿ ಸಿಕ್ಕಿಬಿದ್ದಿದ್ದಾನೆಂದು ಹೇಳಿ ತಾಯಿಯ ಎದೆ ಒಡೆಯುವುದು ಇದರದೇ ಇನ್ನೊಂದು ರೂಪ.

ಕೇಂದ್ರ ಸರಕಾರ ಸಂಸತ್ತಿಗೆ ನೀಡಿದ ಮಾಹಿತಿಯಂತೆ 2024ರಲ್ಲಿ ಡಿಜಿಟಲ್ ಅರೆಸ್ಟ್ ಹಾಗೂ ಅದಕ್ಕೆ ಸಂಬಂಧಿಸಿದ ಪ್ರಕರಣಗಳು 1,23,672, ನಷ್ಟ 1,935 ಕೋಟಿ ರೂಪಾಯಿ. 2025ರಲ್ಲಿ ಹರ್ಯಾಣದ ಅಂಬಾಲದ ಹಿರಿಯ ದಂಪತಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಸುಪ್ರೀಂ ಕೋರ್ಟಿನದೇ ನಕಲಿ ಆದೇಶ ತೋರಿಸಿ ಅವರಿಂದ ಒಂದು ಕೋಟಿಗೂ ಹೆಚ್ಚು ಹಣ ದೋಚಲಾಗಿತ್ತು. ನ್ಯಾಯಾಲಯ ಅಕ್ಟೋಬರ್‌ನಲ್ಲಿ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡು ಡಿಸೆಂಬರ್‌ನಲ್ಲಿ ದೇಶದ ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಒಂದು ವೃದ್ಧ ಜೋಡಿ ನಾಚಿಕೆ ಬಿಟ್ಟು ಬರೆದ ಪತ್ರದಿಂದ ಇಡೀ ದೇಶಕ್ಕೆ ಉಪಕಾರವಾಯಿತು.

ಒಂದು ಮಾತು ಎಲ್ಲರಿಗೂ ತಿಳಿದಿರಲಿ. ಭಾರತದ ಯಾವ ಕಾನೂನಿನಲ್ಲೂ ಡಿಜಿಟಲ್ ಅರೆಸ್ಟ್ ಎಂಬುದಿಲ್ಲ. 2024ರ ಜುಲೈಯಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಮಹಿಳೆಯರನ್ನಾಗಲಿ 60 ದಾಟಿದ ಪುರುಷರನ್ನಾಗಲಿ ಸಾಕ್ಷಿಯಾಗಿ ವಿಚಾರಿಸಬೇಕಾದರೆ ಪೊಲೀಸರೇ ಅವರು ವಾಸಿಸುವಲ್ಲಿಗೆ ಬರಬೇಕು. ಸಾಮಾನ್ಯವಾಗಿ ಸೂರ್ಯ ಮುಳುಗಿದ ಮೇಲೆ ಮಹಿಳೆಯನ್ನು ಬಂಧಿಸುವಂತಿಲ್ಲ. ಅನಿವಾರ್ಯವಾದರೆ ಮಹಿಳಾ ಅಧಿಕಾರಿಯೇ ಬರಬೇಕು, ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಹೀಗಿರುವಾಗ ಮೊಬೈಲ್ ಪರದೆಯಲ್ಲಿ ಬಂಧಿಸುವವನು ಪೊಲೀಸ್ ಆಗಿರಲು ಸಾಧ್ಯವೇ ಇಲ್ಲ.

ನಂಬಿಕೆಯ ಹೆಸರಿನಲ್ಲಿ

ವಂಚನೆ ಯಾವಾಗಲೂ ಅಪರಿಚಿತರಿಂದಲೇ ಬರುವುದಿಲ್ಲ. ನಮ್ಮ ಭಾಷೆ, ನಮ್ಮ ವೇಷ, ನಮ್ಮ ನಂಬಿಕೆಯನ್ನು ಹೊದ್ದುಕೊಂಡೂ ಬರುತ್ತದೆ. ಬೆಂಗಳೂರಿನ ಐಎಂಎ ಸಂಸ್ಥೆ 2019ರ ಜೂನ್‌ನಲ್ಲಿ ಬಾಗಿಲು ಮುಚ್ಚಿದಾಗ ಶಿವಾಜಿನಗರದ ಬೀದಿಯಲ್ಲಿ ಅತ್ತವರನ್ನು ನಮ್ಮ ಸಮುದಾಯ ಮರೆತಿಲ್ಲ. ಬಡ್ಡಿಯಲ್ಲ, ಹಲಾಲ್ ಲಾಭಾಂಶ ಎಂದು ನಂಬಿ ನಿವೃತ್ತಿಯ ಹಣ, ಮಗಳ ಮದುವೆಗೆ ಕೂಡಿಟ್ಟ ಹಣ, ಚಿನ್ನ ಮಾರಿದ ಹಣವನ್ನು ಅಲ್ಲಿಟ್ಟವರಿದ್ದರು. ಹತ್ತಾರು ಸಾವಿರ ದೂರುಗಳು ದಾಖಲಾದವು. ರಾಜ್ಯದ ವಿಶೇಷ ತನಿಖಾ ತಂಡ ಆರಂಭಿಸಿದ ತನಿಖೆ ಅದೇ ವರ್ಷ ಸಿಬಿಐಗೆ ಹೋಯಿತು. ಠೇವಣಿದಾರರ ಹಿತರಕ್ಷಣೆಗಾಗಿ ಕರ್ನಾಟಕದಲ್ಲಿ 2004ರದ್ದೇ ಕಾನೂನಿದೆ. ಅದರಡಿ ಆಸ್ತಿ ಮುಟ್ಟುಗೋಲು ಹಾಕಿ ಹಣ ಹಂಚಬಹುದು. ಆದರೆ ಕಳೆದುಕೊಂಡದ್ದಕ್ಕೂ ಮರಳಿ ಸಿಗುವುದಕ್ಕೂ ಇರುವ ಅಂತರ ಬಹಳ ದೊಡ್ಡದು. ಯಾವ ಹೆಸರಿನಲ್ಲೇ ಬಂದರೂ ಲೆಕ್ಕ ಕೇಳುವುದು ಅವಿಶ್ವಾಸವಲ್ಲ, ಅದು ನಮ್ಮ ಹಕ್ಕು.

ಮನೆಯೊಳಗಿನ ಮೋಸವನ್ನೂ ಇಲ್ಲಿ ಹೇಳದೆ ಇರುವಂತಿಲ್ಲ. ಹೆತ್ತವರ ಪಿಂಚಣಿ, ಎಟಿಎಂ ಕಾರ್ಡು, ಜಾಗದ ಪತ್ರಗಳನ್ನು ಸ್ವಂತ ಮಕ್ಕಳೇ ಕಬಳಿಸುವುದುಂಟು. ನೋಡಿಕೊಳ್ಳುತ್ತೇವೆಂಬ ಶರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಆ ಬಳಿಕ ಕೈಬಿಟ್ಟರೆ ಆ ಪತ್ರವನ್ನು ರದ್ದುಪಡಿಸುವ ಅವಕಾಶ 2007ರ ಹಿರಿಯ ನಾಗರಿಕರ ಕಾಯಿದೆಯಲ್ಲಿದೆ. ಹಿರಿಯರು 14567 ಸಹಾಯವಾಣಿಗೆ ಕರೆ ಮಾಡಿ ಮಾರ್ಗದರ್ಶನ ಪಡೆಯಬಹುದು.

ಮೊದಲ ಗಂಟೆಯ ಮಹತ್ವ

ದೇಶದ ಮೊದಲ ಸೈಬರ್ ಕ್ರೈಂ ಪೊಲೀಸ್ ಠಾಣೆ 2001ರಲ್ಲಿ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲಿ. ಈಗ ಜಿಲ್ಲೆಗಳಲ್ಲಿ ಸೆನ್ ಠಾಣೆಗಳಿವೆ. ಸೈಬರ್, ಆರ್ಥಿಕ ಹಾಗೂ ಮಾದಕ ವಸ್ತು ಅಪರಾಧಗಳನ್ನು ಅವು ನೋಡಿಕೊಳ್ಳುತ್ತವೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ ಪ್ರಕರಣಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ದೂರುಗಳು ಸಾವಿರಾರು, ಇನ್‌ಸ್ಪೆಕ್ಟರುಗಳು ಬೆರಳೆಣಿಕೆಯವರು. ಅವರ ಮೇಲಿನ ಹೊರೆ ಎಷ್ಟೆಂದು ಊಹಿಸಬಹುದು.

ವಂಚಕರ ಕೈ ಸೇರಿದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಹತ್ತಾರು 'ಬಾಡಿಗೆ ಖಾತೆ'ಗಳಿಗೆ ಹಂಚಿಹೋಗುತ್ತದೆ. ನಾಲ್ಕು ಸಾವಿರ, ಐದು ಸಾವಿರ ರೂಪಾಯಿ ಆಸೆಗೆ ತಮ್ಮ ಪಾಸ್‌ಬುಕ್ಕು, ಸಿಮ್ ಕಾರ್ಡು ಬೇರೆಯವರಿಗೆ ಕೊಟ್ಟ ವಿದ್ಯಾರ್ಥಿಗಳು, ಕೂಲಿಯವರು, ಗೃಹಿಣಿಯರ ಖಾತೆಗಳೇ ಇವು. ಪೊಲೀಸರು ಮೊದಲು ಬಂದು ತಟ್ಟುವುದು ಇವರ ಬಾಗಿಲನ್ನೇ. ಅಲ್ಲಿಂದ ಹಣ ನಗದಾಗಿಯೋ ಕ್ರಿಪ್ಟೋ ಕರೆನ್ಸಿಯಾಗಿಯೋ ಗಡಿ ದಾಟಿದರೆ ಮತ್ತೆ ಸಿಗುವುದು ಕಷ್ಟ.

ಆದುದರಿಂದ ಮೋಸವಾಯಿತೆಂದು ತಿಳಿದ ಕ್ಷಣವೇ 1930ಕ್ಕೆ ಕರೆ ಮಾಡಬೇಕು. ಬ್ಯಾಂಕುಗಳನ್ನೂ ಪೊಲೀಸರನ್ನೂ ಜೋಡಿಸುವ ಈ ವ್ಯವಸ್ಥೆಯಲ್ಲಿ ಹಣ ಹೋದ ಖಾತೆಯನ್ನು ಅಲ್ಲಲ್ಲೇ ತಡೆಹಿಡಿಯಬಹುದು. ಮೊದಲ ಒಂದು ಗಂಟೆಯನ್ನು ಪೊಲೀಸರು ಚಿನ್ನದ ಗಂಟೆ ಎನ್ನುತ್ತಾರೆ. ನಾಳೆ ನೋಡೋಣ, ಮಗ ಬರಲಿ ಎಂದು ಕಾದರೆ ಆ ಗಂಟೆ ಕಳೆದುಹೋಗುತ್ತದೆ. ವಹಿವಾಟಿನ ಸಂಖ್ಯೆ, ದಿನ, ಸಮಯ, ಮೊತ್ತ, ಕರೆ ಬಂದ ನಂಬರು ಬರೆದಿಟ್ಟುಕೊಳ್ಳಿ. ಭಯದಿಂದಲೋ ನಾಚಿಕೆಯಿಂದಲೋ ಫೋನಿನ ಸಂದೇಶಗಳನ್ನು ಅಳಿಸಬೇಡಿ. ಅವೇ ಸಾಕ್ಷ್ಯ.

ಬ್ಯಾಂಕಿನ ಸಿಬ್ಬಂದಿಯೂ ಕಾವಲುಗಾರರಾಗಬಲ್ಲರು. 2024ರ ನವೆಂಬರ್‌ನಲ್ಲಿ ಹೈದರಾಬಾದಿನ ಸ್ಟೇಟ್ ಬ್ಯಾಂಕ್ ಶಾಖೆಯೊಂದಕ್ಕೆ ಹಿರಿಯರೊಬ್ಬರು ಠೇವಣಿ ಮುರಿಯಲು ಬಂದರು. ಕಾರಣ ಕೇಳಿದಾಗ ಅವರ ಉತ್ತರ ಸಿಬ್ಬಂದಿಗೆ ಸರಿಕಾಣಲಿಲ್ಲ. ಮತ್ತೆ ಮತ್ತೆ ವಿಚಾರಿಸಿ, ಸಮಾಧಾನಪಡಿಸಿ, 1930ಕ್ಕೆ ಕರೆ ಮಾಡಿಸಿದರು. 13 ಲಕ್ಷ ರೂಪಾಯಿ ಉಳಿಯಿತು. ಆ ಹೊತ್ತಿನಲ್ಲಿ ಅವರು ಮಾಡಿದ್ದು ಇಷ್ಟೇ, ಎರಡು ಪ್ರಶ್ನೆ ಹೆಚ್ಚು ಕೇಳಿದರು.

ಮನೆಯಲ್ಲಿ ನಾವು ಮಾಡಬಹುದಾದದ್ದು

ಈ ಎರಡು ಪ್ರಶ್ನೆ ಹೆಚ್ಚು ಕೇಳುವ ಕೆಲಸ ಬ್ಯಾಂಕಿಗಿಂತ ಮೊದಲು ಮನೆಯಲ್ಲೇ ನಡೆಯಬೇಕು. ಹಗಲಿಡೀ ಹಿರಿಯರ ಜೊತೆಗಿರುವವರು ಹೆಚ್ಚಾಗಿ ಮಹಿಳೆಯರು, ಅಂದರೆ ಸೊಸೆ, ಮಗಳು, ಮೊಮ್ಮಗಳು. ಉಮ್ಮ ಇದ್ದಕ್ಕಿದ್ದಂತೆ ಕೋಣೆಯ ಬಾಗಿಲು ಹಾಕಿ ಫೋನಿನಲ್ಲಿ ಮಾತನಾಡತೊಡಗಿದರೆ, ಬಾಪ ಕಾರಣ ಹೇಳದೆ ಬ್ಯಾಂಕಿಗೆ ಹೊರಟರೆ, ಊಟ ಬಿಟ್ಟು ಮಂಕಾಗಿ ಕುಳಿತರೆ ಗಮನಿಸಿ. ಗದರಬೇಡಿ. "ಏನಾಯಿತು, ನಾನಿದ್ದೇನೆ" ಎನ್ನಿ. ಯಾರಿಗೂ ಹೇಳಬೇಡ ಎಂಬುದೇ ವಂಚಕನ ದೊಡ್ಡ ಆಯುಧ. ಹೇಳಿಕೊಳ್ಳಲು ಮನೆಯಲ್ಲಿ ಒಬ್ಬರಿದ್ದರೆ ಅದು ಮೊಂಡಾಗುತ್ತದೆ.

ಮಗನಿಗೆ ಅಪಾಯವೆಂದು ಕರೆ ಬಂದರೆ ಮೊದಲು ಫೋನ್ ಇಟ್ಟು ಮಗನಿಗೇ ಕರೆ ಮಾಡಬೇಕೆಂದು ತಿಳಿಸಿ. ಧ್ವನಿಯನ್ನೂ ಈಗ ಕಂಪ್ಯೂಟರಿನಿಂದ ಅನುಕರಿಸಬಹುದಾದ್ದರಿಂದ ಮನೆಯವರಿಗಷ್ಟೇ ಗೊತ್ತಿರುವ ಒಂದು ಗುಟ್ಟಿನ ಪದ ಇಟ್ಟುಕೊಳ್ಳುವುದು ಒಳ್ಳೆಯದು. ಒಟಿಪಿ, ಪಿನ್ ನಂಬರನ್ನು ಬ್ಯಾಂಕಿನವರೂ ಕೇಳುವುದಿಲ್ಲ. 1930 ಎಂಬ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಬಳಿ ಅಂಟಿಸಿ.

ಇಷ್ಟಾದರೂ ಮೋಸವಾದರೆ ಹಿರಿಯರನ್ನು ಹಂಗಿಸಬೇಡಿ. ಹಣ ಕಳೆದುಕೊಂಡ ನೋವಿನ ಮೇಲೆ ಮನೆಯವರ ಚುಚ್ಚುಮಾತೂ ಸೇರಿದರೆ ಎಷ್ಟೋ ಹಿರಿಯರು ಮತ್ತೆ ಚೇತರಿಸಿಕೊಳ್ಳುವುದಿಲ್ಲ. ತಪ್ಪು ಮಾಡಿದವನು ವಂಚಕ, ಅವರಲ್ಲ. ಅಧಿಕಾರದಲ್ಲಿದ್ದವರಿಗೆ ಮರ್ಯಾದೆ ಕೊಡಬೇಕು, ಕಷ್ಟದಲ್ಲಿರುವವರಿಗೆ ಸಹಾಯ ಮಾಡಬೇಕು ಎಂದು ನಮಗೆ ಕಲಿಸಿದವರು ಅವರೇ. ಆ ಒಳ್ಳೆಯತನವನ್ನೇ ವಂಚಕರು ಬಳಸಿಕೊಂಡಿದ್ದಾರೆ. ಅವರ ಕೈ ಹಿಡಿದು ಠಾಣೆಯ ತನಕ ಜೊತೆಗೆ ಹೋಗುವುದು, ದೂರು ಬರೆಯುವಾಗ ಪಕ್ಕದಲ್ಲಿ ಕುಳಿತುಕೊಳ್ಳುವುದು ಮಕ್ಕಳ ಕರ್ತವ್ಯ. ಇಂದು ರಾತ್ರಿ ಊಟದ ಬಳಿಕ ಮನೆಯ ಹಿರಿಯರ ಪಕ್ಕ ಹತ್ತು ನಿಮಿಷ ಕುಳಿತು ಅವರ ಫೋನಿಗೆ ಈಚೆಗೆ ಎಂತಹ ಕರೆಗಳು ಬರುತ್ತಿವೆ ಎಂದು ಕೇಳಿ ನೋಡಿ.